ಮಾರ್ಮನ್ ಮಿಷನರಿ ಹುಡುಗರ ಎರಡು ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಮೆರಿಕದ ಯೂಟಾ ರಾಜ್ಯದಲ್ಲಿ. ನಮ್ಮ ಬೀದಿಯಲ್ಲಿ ಮುಕ್ಕಾಲು ಪಾಲು ಮನೆಗಳು ಮಾರ್ಮನ್ನರವು. ಊರಿಂದ ಬಂದ ನೆಂಟರು, ಇಲ್ಲಿನ ಕನ್ನಡದ ಗೆಳೆಯರು, ಬೆಂಗಳೂರಲ್ಲಿ ಈ ಹುಡುಗರನ್ನು ಕಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಈ ಪಂಥದವನಲ್ಲ, ಸೇರುವ ಯೋಚನೆಯೂ ಇಲ್ಲ. ಉದಾಹರಣೆಗಳು ಹೆಚ್ಚಾಗಿ ಫಿಲಿಪೀನ್ಸ್ ದೇಶದವು. ಪಕ್ಕದ ಮನೆ ಹುಡುಗ ಅಲ್ಲಿಗೆ ಹೋಗಿ ಬಂದವನು, ಅವನ ಹತ್ತಿರ ಕತೆಗಳಿಗೆ ಬರವಿಲ್ಲ.

## ಮೊದಲಿಗೆ ಕೇಳುವವು

ಬಿಳಿ ಶರ್ಟು, ಟೈ, ಎದೆ ಮೇಲೆ ಕಪ್ಪು ಬಿಲ್ಲೆ ಹಾಕ್ಕೊಂಡು ಇಬ್ಬಿಬ್ಬರೇ ಓಡಾಡ್ತಾರಲ್ಲ, ಯಾರು ಇವರು?

ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದ ಪ್ರಚಾರಕರು. 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಜೋಸೆಫ್ ಸ್ಮಿತ್ ಎಂಬಾತ ಶುರು ಮಾಡಿದ ಪಂಥ ಇದು. ಈಗಿನ ಕೇಂದ್ರ ಯೂಟಾದ ಸಾಲ್ಟ್ ಲೇಕ್ ಸಿಟಿ. ಪೂರ್ತಿ ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆ: ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್. ಬೈಬಲ್ ಜೊತೆಗೆ ‘ಬುಕ್ ಆಫ್ ಮಾರ್ಮನ್’ ಎಂಬ ಗ್ರಂಥವನ್ನೂ ನಂಬುತ್ತಾರೆ. ಅದರಿಂದಲೇ ಜನ ಮಾರ್ಮನ್ ಎಂದು ಕರೆದದ್ದು. 2018ರಲ್ಲಿ ಅವರ ಆಗಿನ ಅಧ್ಯಕ್ಷ ರಸೆಲ್ ನೆಲ್ಸನ್ ‘ಆ ಅಡ್ಡಹೆಸರು ಬಿಟ್ಟು ಪೂರ್ತಿ ಹೆಸರು ಹೇಳಿ’ ಎಂದು ಕೇಳಿಕೊಂಡರು. ನಮ್ಮವರಿಗೆ ಗೊತ್ತಿರುವುದು ಮಾರ್ಮನ್ ಎಂಬ ಹೆಸರೇ ಆದ್ದರಿಂದ ನಾನು ಅದನ್ನೇ ಬಳಸಿದ್ದೇನೆ. ಎದುರಿಗೆ ಸಿಕ್ಕಾಗ ಪೂರ್ತಿ ಹೆಸರು ಹೇಳಿದರೆ ಅವರಿಗೆ ಖುಷಿಯಾಗುತ್ತದೆ.

ಬಿಲ್ಲೆಯಲ್ಲಿ ಚರ್ಚಿನ ಹೆಸರಿನ ಜೊತೆ ಅವರ ಮನೆತನದ ಹೆಸರಷ್ಟೇ ಇರುತ್ತದೆ. ಹುಡುಗರು ‘ಎಲ್ಡರ್’ ಇಂಥವರು, ಹುಡುಗಿಯರು ‘ಸಿಸ್ಟರ್’ ಇಂಥವರು. ಪ್ರಪಂಚದಲ್ಲಿ ಒಂದು ಹೊತ್ತಿಗೆ 70,000ಕ್ಕೂ ಹೆಚ್ಚು ಮಿಷನರಿಗಳು ಈ ಕೆಲಸದಲ್ಲಿ ಇರುತ್ತಾರೆ.

ಇದು ಕಡ್ಡಾಯನಾ? ಎಷ್ಟು ವರ್ಷ?

ಹುಡುಗರಿಗೆ 24 ತಿಂಗಳು, ಹುಡುಗಿಯರಿಗೆ 18 ತಿಂಗಳು. 2012ರ ಅಕ್ಟೋಬರಿನಲ್ಲಿ ಆಗಿನ ಅಧ್ಯಕ್ಷ ಥಾಮಸ್ ಮಾನ್ಸನ್ ಹುಡುಗರು ಹೊರಡುವ ಕನಿಷ್ಠ ವಯಸ್ಸನ್ನು 19ರಿಂದ 18ಕ್ಕೆ, ಹುಡುಗಿಯರದನ್ನು 21ರಿಂದ 19ಕ್ಕೆ ಇಳಿಸಿದರು. ಆಮೇಲೆ ಹೋಗುವ ಹುಡುಗಿಯರ ಸಂಖ್ಯೆ ಜೋರಾಗಿ ಏರಿತು. 2025ರಲ್ಲಿ ಹುಡುಗಿಯರಿಗೂ 18 ಮಾಡಿದರು.

ಕಡ್ಡಾಯ ಅಂತ ಎಲ್ಲೂ ಇಲ್ಲ. ಹುಡುಗರಿಗೆ ಇದು ಕರ್ತವ್ಯ, ಹುಡುಗಿಯರಿಗೆ ಇಷ್ಟವಿದ್ದರೆ ಮಾತ್ರ ಎನ್ನುತ್ತಾರೆ. ಆದರೆ ಯೂಟಾದಲ್ಲಿ ಹೈಸ್ಕೂಲು ಮುಗಿಸಿದ ಹುಡುಗನನ್ನು ಕಂಡವರೆಲ್ಲ ಕೇಳುವ ಮೊದಲ ಪ್ರಶ್ನೆ ‘ಮಿಷನ್ ಯಾವಾಗ?’ ಅಂತಲೇ. ಅಜ್ಜ ಹೋಗಿದ್ದ, ಅಪ್ಪ ಹೋಗಿದ್ದ, ಅಣ್ಣ ಈಗ ಅಲ್ಲೇ ಇದ್ದಾನೆ. ಅಂಥ ಮನೆಯಲ್ಲಿ ‘ನಾನು ಹೋಗಲ್ಲ’ ಅನ್ನುವುದಕ್ಕೆ ಗಟ್ಟಿ ಗುಂಡಿಗೆ ಬೇಕು.

ಯಾವ ದೇಶಕ್ಕೆ ಅಂತ ಅವರೇ ಆರಿಸ್ಕೊಳ್ಳಬಹುದಾ?

ಇಲ್ಲ. ಅರ್ಜಿ ಹಾಕಬೇಕು, ಡಾಕ್ಟರು ಮತ್ತು ಹಲ್ಲಿನ ಡಾಕ್ಟರ ಹತ್ತಿರ ತಪಾಸಣೆ ಮಾಡಿಸಬೇಕು. ಎಷ್ಟೋ ಮಂದಿ ಹೊರಡುವ ಮೊದಲೇ ಬುದ್ಧಿಹಲ್ಲು ಕೀಳಿಸಿಕೊಳ್ಳುತ್ತಾರೆ, ದೂರದ ಹಳ್ಳಿಯಲ್ಲಿ ಹಲ್ಲುನೋವು ಬಂದರೆ ಕಷ್ಟ ಅಂತ. ಸ್ಥಳೀಯ ಸಭೆಯ ಮುಖ್ಯಸ್ಥ, ಅಂದರೆ ಬಿಷಪ್, ಸಂದರ್ಶನ ಮಾಡಿ ಶಿಫಾರಸು ಮಾಡುತ್ತಾರೆ. ಕೊನೆಗೆ ಎಲ್ಲಿಗೆ ಎಂದು ತೀರ್ಮಾನಿಸುವುದು ಸಾಲ್ಟ್ ಲೇಕ್ ಸಿಟಿಯಲ್ಲಿರುವ ಹನ್ನೆರಡು ಮಂದಿ ಅಪೊಸ್ತಲರಲ್ಲಿ (ಪಂಥದ ಹಿರಿಯ ನಾಯಕರಲ್ಲಿ) ಒಬ್ಬರು. ಅದು ದೇವರ ಪ್ರೇರಣೆ ಎಂಬುದು ಅವರ ನಂಬಿಕೆ.

ಮೊದಲು ದೊಡ್ಡ ಬಿಳಿ ಲಕೋಟೆ ಅಂಚೆಯಲ್ಲಿ ಬರುತ್ತಿತ್ತು. 2018ರಿಂದ ಆನ್‌ಲೈನಿನಲ್ಲೇ ಬರುತ್ತದೆ. ಆದರೂ ಸಂಭ್ರಮ ಕಮ್ಮಿಯಾಗಿಲ್ಲ. ಅಜ್ಜಿ, ಚಿಕ್ಕಪ್ಪ, ಗೆಳೆಯರು ಎಲ್ಲ ಹಾಲ್‌ನಲ್ಲಿ ಸೇರುತ್ತಾರೆ. ಗೋಡೆ ಮೇಲೆ ಪ್ರಪಂಚದ ಭೂಪಟ. ಒಬ್ಬೊಬ್ಬರು ಒಂದೊಂದು ದೇಶ ಊಹಿಸುತ್ತಾರೆ. ಹುಡುಗ ಗಟ್ಟಿಯಾಗಿ ಓದುತ್ತಾನೆ. ಬ್ರೆಜಿಲ್ ಬಂದರೆ ಕಿರುಚಾಟ. ಪಕ್ಕದ ರಾಜ್ಯ ಐಡಹೋ ಬಂದರೆ ಒಂದು ಕ್ಷಣ ಎಲ್ಲರೂ ಸುಮ್ಮನಾಗಿ, ಆಮೇಲೆ ಜಾಸ್ತಿಯೇ ಚಪ್ಪಾಳೆ ತಟ್ಟುತ್ತಾರೆ.

ಗೊತ್ತಿಲ್ಲದ ಭಾಷೆಯಲ್ಲಿ ಹೋಗಿ ಏನು ಮಾತಾಡ್ತಾರೆ?

ಮೊದಲು ತರಬೇತಿ. ದೊಡ್ಡ ತರಬೇತಿ ಕೇಂದ್ರ ಯೂಟಾದ ಪ್ರೋವೊ ಊರಿನಲ್ಲಿದೆ. ಅಲ್ಲಿ 50ಕ್ಕೂ ಹೆಚ್ಚು ಭಾಷೆ ಕಲಿಸುತ್ತಾರೆ. ಮನಿಲಾ, ಸಾವೊ ಪಾಲೊ, ಘಾನಾದ ಅಕ್ರಾದಂಥ ಕಡೆಯೂ ಕೇಂದ್ರಗಳಿವೆ. ಭಾಷೆ ಬಲ್ಲವರಿಗೆ ಮೂರು ವಾರ ಸಾಕು. ಹೊಸದಾಗಿ ಕಲಿಯುವವರಿಗೆ ಆರರಿಂದ ಒಂಬತ್ತು ವಾರ.

ಅಷ್ಟರಲ್ಲಿ ಏನು ಬರುತ್ತದೆ ಹೇಳಿ! ಪ್ರಾರ್ಥನೆ ಬರುತ್ತದೆ, ಪಾಠ ಒಪ್ಪಿಸಲು ಬರುತ್ತದೆ. ನಿಜವಾದ ಕಲಿಕೆ ಊರಿಗೆ ಕಾಲಿಟ್ಟ ಮೇಲೆ. ಫಿಲಿಪೀನ್ಸ್‌ನಲ್ಲಂತೂ ತಗಾಲೊಗ್, ಸೆಬುವಾನೊ, ಇಲೊಕಾನೊ, ಹಿಲಿಗಾಯ್‌ನೋನ್ ಅಂತ ಒಂದೊಂದು ಕಡೆ ಒಂದೊಂದು. ಪಕ್ಕದ ಮನೆ ಹುಡುಗನಿಗೆ ಮೊದಲ ತಿಂಗಳುಗಳಲ್ಲಿ ಪಾಠ ಕಲಿಸಿದವರು ಬೀದಿಯ ಮಕ್ಕಳು. ಅವನು ತಪ್ಪು ಮಾತಾಡಿದಾಗ ಅವು ಬಿದ್ದು ಬಿದ್ದು ನಗುತ್ತಿದ್ದವಂತೆ, ಆದರೆ ತಿದ್ದದೆ ಬಿಡುತ್ತಿರಲಿಲ್ಲ.

## ದಿನ ಹೇಗೆ ಕಳೆಯುತ್ತದೆ

ಬೆಳಿಗ್ಗೆಯಿಂದ ರಾತ್ರಿವರೆಗೆ ಏನು ಮಾಡ್ತಾರೆ?

ಸಾಮಾನ್ಯವಾಗಿ 6:30ಕ್ಕೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಒಬ್ಬರೇ ಕೂತು ಓದು, ಜೋಡಿಯಾಗಿ ಓದು, ಭಾಷೆಯ ಅಭ್ಯಾಸ. ಹತ್ತರ ಸುಮಾರಿಗೆ ಹೊರಗೆ. ರಾತ್ರಿ ಒಂಬತ್ತು, ಒಂಬತ್ತೂವರೆಗೆ ಮನೆ. ಮರುದಿನದ ಯೋಜನೆ ಬರೆದು 10:30ಕ್ಕೆ ದೀಪ ಆರಿಸಬೇಕು. 2017ರ ನಂತರ ಆಯಾ ಊರಿಗೆ ತಕ್ಕಂತೆ ಹೊತ್ತು ಆಚೀಚೆ ಮಾಡಿಕೊಳ್ಳಬಹುದು.

ಕಾಗದದ ಮೇಲೆ ಇದು ಹಾಸ್ಟೆಲ್ ಟೈಮ್‌ಟೇಬಲ್ ಇದ್ದಂಗೆ ಕಾಣುತ್ತದೆ. ಫಿಲಿಪೀನ್ಸ್‌ನಲ್ಲಿ ಅದು ಹೇಗಿರುತ್ತದೆ ನೋಡಿ. ಸ್ನಾನ ಎಂದರೆ ಬಕೆಟ್ಟು ನೀರು, ಕೈಲೊಂದು ಪ್ಲಾಸ್ಟಿಕ್ ಚೊಂಬು. ನಮಗೆ ಅದರಲ್ಲೇನೂ ವಿಶೇಷವಿಲ್ಲ. ಶವರ್ ಬಿಟ್ಟು ಬೇರೆ ಕಾಣದ ಅಮೆರಿಕದ ಹುಡುಗನಿಗೆ ಮೊದಲ ದಿನ ತಲೆಯ ಸೋಪು ಹೋಗುವಷ್ಟರಲ್ಲಿ ಬಕೆಟ್ ಖಾಲಿ. ಹೊರಗೆ ಬಂದರೆ ಬೆವರು. ಹತ್ತಿರಕ್ಕೆ ಟ್ರೈಸಿಕಲ್ (ಪಕ್ಕಕ್ಕೆ ಗಾಡಿ ಕಟ್ಟಿದ ಬೈಕು), ದೂರಕ್ಕೆ ಜೀಪ್ನಿ (ಉದ್ದನೆಯ ಜೀಪಿನಂಥ ಸಣ್ಣ ಬಸ್ಸು). ಜೀಪ್ನಿಯಲ್ಲಿ ಚಿಲ್ಲರೆಯನ್ನು ಪಕ್ಕದವರ ಕೈಗೆ ಕೊಟ್ಟರೆ ಕೈಯಿಂದ ಕೈಗೆ ದಾಟಿ ಡ್ರೈವರನ ಹತ್ತಿರ ಹೋಗುತ್ತದೆ. ಆರಡಿ ಎತ್ತರದವರು ಒಳಗೆ ಮಂಡಿ ಮಡಚಿ, ತಲೆ ಬಗ್ಗಿಸಿ ಕೂರಬೇಕು.

ಮನೆ ಮುಂದೆ ಬಂದಾಗ ನೇರವಾಗಿ ಬಾಗಿಲು ಬಡಿಯುವುದಿಲ್ಲ. ಗೇಟಿನ ಹೊರಗೆ ನಿಂತು ‘ತಾವ್ ಪೊ!’ ಎಂದು ಕೂಗಬೇಕು. ಮನೆಯಲ್ಲಿ ಯಾರಾದರೂ ಇದ್ದೀರಾ ಅನ್ನುವ ಹಾಗೆ. ಒಳಗೆ ಹೆಂಗಸೊಬ್ಬರೇ ಇದ್ದರೆ ಹುಡುಗರು ಒಳಗೆ ಹೋಗುವಂತಿಲ್ಲ. ಗೇಟಿನಲ್ಲೇ ಮಾತು, ಇಲ್ಲವೇ ಇನ್ನೊಂದು ದಿನ ಸ್ಥಳೀಯ ಸದಸ್ಯರನ್ನು ಜೊತೆಗೆ ಕರೆದುಕೊಂಡು ಬರಬೇಕು. ದಿನದ ಹೆಚ್ಚಿನ ಹೊತ್ತು ಹೋಗುವುದು ನಡೆಯುವುದರಲ್ಲಿ, ಕಾಯುವುದರಲ್ಲಿ, ‘ನಾಳೆ ಬನ್ನಿ’ ಎಂದವರ ಮನೆಗೆ ಮತ್ತೆ ಹೋಗಿ ಬೀಗ ನೋಡಿ ಬರುವುದರಲ್ಲಿ. ನಡುವೆ ಉಚಿತ ಇಂಗ್ಲಿಷ್ ಪಾಠ, ಯಾರದೋ ಮನೆಗೆ ನೀರು ಹೊರುವುದು, ಛಾವಣಿ ಸರಿ ಮಾಡುವುದೂ ಇರುತ್ತದೆ.

ಇಬ್ಬರೂ ಯಾವಾಗಲೂ ಜೊತೇಲೇ ಇರಬೇಕಾ? ಜಗಳ ಆದರೆ?

ಬಚ್ಚಲುಮನೆ ಬಿಟ್ಟರೆ ಉಳಿದ ಕಡೆಯೆಲ್ಲ ಜೊತೆಯಲ್ಲೇ. ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ದೂರದಲ್ಲಿರಬೇಕು ಎಂಬುದು ನಿಯಮ. ಜೊತೆಗಾರನನ್ನು ‘ಕಂಪ್ಯಾನಿಯನ್’ ಎನ್ನುತ್ತಾರೆ. ಯಾರ ಜೊತೆ ಯಾರು ಎಂದು ತೀರ್ಮಾನಿಸುವುದು ಮಿಷನ್ ಅಧ್ಯಕ್ಷರು, ಅಂದರೆ ಆ ಪ್ರದೇಶದ ಮಿಷನರಿಗಳ ಮುಖ್ಯಸ್ಥರು. ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಸುದ್ದಿ ಬರುತ್ತದೆ. ಜೊತೆಗಾರ ಬದಲಾಗಬಹುದು, ಊರೂ ಬದಲಾಗಬಹುದು.

ಜಗಳ ಆಗೇ ಆಗುತ್ತದೆ. ಒಬ್ಬನಿಗೆ ಫ್ಯಾನ್ ಬೇಕು, ಇನ್ನೊಬ್ಬನಿಗೆ ಬೇಡ. ಒಬ್ಬ ಪಾತ್ರೆ ತೊಳೆಯಲ್ಲ, ಇನ್ನೊಬ್ಬ ತಡವಾಗಿ ಏಳುತ್ತಾನೆ. ವಾರಕ್ಕೊಮ್ಮೆ ಇಬ್ಬರೂ ಎದುರುಬದುರು ಕೂತು ಮನಸ್ಸಿನಲ್ಲಿರುವುದನ್ನು ಹೇಳಿಕೊಳ್ಳಬೇಕು ಎಂಬ ಪದ್ಧತಿಯಿದೆ. ಜೋಡಿಯಲ್ಲಿ ಒಬ್ಬ ಅಮೆರಿಕದವನು, ಇನ್ನೊಬ್ಬ ಫಿಲಿಪೀನ್ಸ್‌ನವನೇ ಆಗಿರುವುದು ಸಾಮಾನ್ಯ. ನನ್ನ ಲೆಕ್ಕದಲ್ಲಿ ಧರ್ಮಪ್ರಚಾರಕ್ಕಿಂತ ಇದೇ ಕಷ್ಟದ ಪಾಠ. ಮುಂದೆ ಸಂಸಾರಕ್ಕೆ ಒಳ್ಳೇ ತಾಲೀಮು ಅಂತ ಇಲ್ಲಿನ ಹೆಂಗಸರು ತಮಾಷೆ ಮಾಡುತ್ತಾರೆ.

ರಜಾನೇ ಇಲ್ವಾ?

ವಾರಕ್ಕೊಂದು ದಿನ, ಹೆಚ್ಚಿನ ಕಡೆ ಸೋಮವಾರ. ಪೂರ್ತಿ ರಜೆ ಅಲ್ಲ, ಸಂಜೆ ಮತ್ತೆ ಕೆಲಸಕ್ಕೆ ಹೊರಡಬೇಕು. ಅಷ್ಟರೊಳಗೆ ಬಟ್ಟೆ ಒಗೆದು, ಸಂತೆ ಮಾಡಿ, ಕೂದಲು ಕತ್ತರಿಸಿಕೊಂಡು, ಮನೆಗೆ ಇಮೇಲ್ ಬರೆಯಬೇಕು. ಹೊತ್ತು ಉಳಿದರೆ ಬಾಸ್ಕೆಟ್‌ಬಾಲ್, ಆಮೇಲೆ ಜಾಲಿಬೀ ಅಂಗಡಿಯಲ್ಲಿ ಫ್ರೈಡ್ ಚಿಕನ್ ಮತ್ತು ಅನ್ನ. ಈಜು ಮಾತ್ರ ಬೇಡ. ಸುತ್ತ ಸಮುದ್ರವಿರುವ ದೇಶದಲ್ಲಿ ಎರಡು ವರ್ಷ ಇದ್ದು ಒಮ್ಮೆಯೂ ನೀರಿಗಿಳಿಯದೆ ಬರುತ್ತಾರೆ!

ಊಟ ಏನು? ಟೀ ಕೊಟ್ಟರೆ ಕುಡೀತಾರಾ?

ಟೀ, ಕಾಫಿ, ಮದ್ಯ, ತಂಬಾಕು ಯಾವುದೂ ಇಲ್ಲ. ಇದು 1833ರಿಂದ ಬಂದ ನಿಯಮ, ಎಲ್ಲ ಮಾರ್ಮನ್ನರಿಗೂ ಅನ್ವಯ. ಫಿಲ್ಟರ್ ಕಾಫಿ ತಂದಿಟ್ಟರೆ ಪಾಪ, ಕೈಮುಗಿದು ಬೇಡ ಎನ್ನುತ್ತಾರೆ. ನೀರು, ಜ್ಯೂಸ್, ಹಾಲು ಕೊಡಿ.

ಫಿಲಿಪೀನ್ಸ್‌ನಲ್ಲಿ ಮೂರು ಹೊತ್ತೂ ಅನ್ನ. ಜೊತೆಗೆ ವಿನೆಗರ್ ಮತ್ತು ಸೋಯಾ ಸಾಸ್‌ನಲ್ಲಿ ಬೇಯಿಸಿದ ಅಡೋಬೊ, ಹುಣಸೆ ಹಾಕಿದ ಸಿನಿಗಾಂಗ್ ಸಾರು, ಒಣಮೀನು. ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸುವ ಜನ ಅಲ್ಲ ಅವರು. ಹೊಸಬನಿಗೆ ಪರೀಕ್ಷೆ ಎಂದರೆ ಬಲೂತ್: ಒಳಗೆ ಮರಿ ಅರ್ಧ ಬೆಳೆದ ಬಾತುಮೊಟ್ಟೆ, ಬೇಯಿಸಿದ್ದು. ಮನೆಯವರೆಲ್ಲ ಸುತ್ತ ನಿಂತು ನೋಡುತ್ತಾರೆ. ತುದಿ ಒಡೆದು, ರಸ ಹೀರಿ, ಉಪ್ಪು ಹಾಕಿ, ಕಣ್ಣು ಮುಚ್ಚಿ ನುಂಗಬೇಕು. ತಿಂದವನಿಗೆ ಆ ಬೀದಿಯಲ್ಲಿ ಮರ್ಯಾದೆಯೇ ಬೇರೆ.

ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಟ್ಟು ಉಪವಾಸ. ಸದಸ್ಯರು ಉಳಿದ ಊಟದ ದುಡ್ಡನ್ನು ಬಡವರಿಗೆ ಅಂತ ಕೊಡುತ್ತಾರೆ.

ಸಿನಿಮಾ, ಗರ್ಲ್‌ಫ್ರೆಂಡು, ಮೊಬೈಲು ಏನೂ ಇಲ್ವಾ?

ಮೊಬೈಲ್ ಇದೆ, ಆದರೆ ಕೆಲಸಕ್ಕೆ. ಫೇಸ್‌ಬುಕ್ಕಿನಲ್ಲೂ ಪ್ರಚಾರ ಮಾಡುತ್ತಾರೆ. ಸಿನಿಮಾ, ಟೀವಿ, ವಿಡಿಯೊ ಗೇಮ್, ಪ್ರೇಮ ಇಲ್ಲ. ಊರಲ್ಲಿ ಬಿಟ್ಟು ಬಂದ ಹುಡುಗಿ ಬೇರೆಯವನನ್ನು ಮದುವೆಯಾದ ಕತೆ ಪ್ರತಿ ಮಿಷನ್‌ನಲ್ಲೂ ಒಂದಾದರೂ ಇರುತ್ತದೆ.

## ಮನೆ, ದುಡ್ಡು, ಅಪಾಯ

ಸಂಬಳ ಎಷ್ಟು ಕೊಡ್ತಾರೆ?

ಒಂದು ಪೈಸೆಯೂ ಇಲ್ಲ. ಕೈಯಿಂದಲೇ ಕೊಡಬೇಕು. ಅಮೆರಿಕದ ಮಿಷನರಿ ತಿಂಗಳಿಗೆ 500 ಡಾಲರ್ ಕಟ್ಟಬೇಕು. 2020ರ ಜುಲೈಗೆ ಮುಂಚೆ 400 ಇತ್ತು. ಎರಡು ವರ್ಷಕ್ಕೆ 12,000 ಡಾಲರ್ ಆಯಿತಲ್ಲ. ಟೋಕಿಯೊಗೆ ಹೋದವನಿಗೂ ಮನಿಲಾಗೆ ಹೋದವನಿಗೂ ಅಷ್ಟೇ. ದುಡ್ಡೆಲ್ಲ ಒಂದೇ ಕಡೆ ಸೇರಿ, ಅಲ್ಲಿಂದ ಮನೆ ಬಾಡಿಗೆಯೂ ಊಟದ ಖರ್ಚೂ ಹೋಗುತ್ತದೆ. ಇಲ್ಲಿನ ಹುಡುಗರು ಹೈಸ್ಕೂಲಿನಲ್ಲಿದ್ದಾಗಲೇ ಹುಲ್ಲು ಕತ್ತರಿಸಿ, ಐಸ್‌ಕ್ರೀಮ್ ಅಂಗಡಿಯಲ್ಲಿ ದುಡಿದು ಕೂಡಿಡುತ್ತಾರೆ. ಉಳಿದದ್ದು ಅಪ್ಪ ಅಮ್ಮನ ಪಾಲು. ಬಡ ದೇಶದ ಹುಡುಗರಿಗೆ ಬೇರೆ ನಿಧಿಯಿಂದ ನೆರವು ಸಿಗುತ್ತದೆ.

ಅಮ್ಮನ ಜೊತೆ ಮಾತಾಡೋಕಾದರೂ ಬಿಡ್ತಾರಾ?

ಈಗ ಬಿಡುತ್ತಾರೆ. 2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ ಫೋನ್, ವಿಡಿಯೊ ಕಾಲ್ ಮಾಡಬಹುದು. ಅದಕ್ಕೆ ಮುಂಚೆ ವರ್ಷಕ್ಕೆ ಎರಡೇ ಕರೆ: ಕ್ರಿಸ್‌ಮಸ್‌ಗೆ ಒಂದು, ಅಮ್ಮಂದಿರ ದಿನಕ್ಕೆ ಒಂದು. ಉಳಿದಂತೆ ವಾರಕ್ಕೊಂದು ಇಮೇಲ್. ಹಳೇ ಕಾಲದ ತಾಯಂದಿರು ‘ಈಗಿನವರಿಗೇನು ಬಿಡಿ, ಆರಾಮ’ ಎನ್ನುತ್ತಾರೆ. ಮನೆಯಲ್ಲಿ ಸಾವಾದರೂ ಎಷ್ಟೋ ಮಂದಿ ವಾಪಸ್ ಬರದೆ ಅಲ್ಲೇ ಉಳಿಯುತ್ತಾರೆ. ಆ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ.

ಚಂಡಮಾರುತ, ಗಲಾಟೆ, ಬಾಂಬು ಇವೆಲ್ಲ ಆದರೆ?

ಆಗಿವೆ. 2013ರ ನವೆಂಬರಿನಲ್ಲಿ ಹೈಯಾನ್ ಚಂಡಮಾರುತ ಫಿಲಿಪೀನ್ಸ್‌ನ ತಕ್ಲೊಬಾನ್ ಪಟ್ಟಣವನ್ನು ನೆಲಸಮ ಮಾಡಿತು. ಅಲ್ಲಿನ ಮಿಷನ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಮಿಷನರಿಗಳಿದ್ದರು. ಫೋನು, ಕರೆಂಟು ಏನೂ ಇಲ್ಲ. ಯೂಟಾದ ಮನೆಗಳಲ್ಲಿ ಅಪ್ಪ ಅಮ್ಮ ದಿನಗಟ್ಟಲೆ ನಿದ್ದೆಗೆಟ್ಟು ಕೂತರು. ಕೊನೆಗೆ ಎಲ್ಲರೂ ಬದುಕಿದ್ದಾರೆ ಎಂಬ ಸುದ್ದಿ ಬಂತು, ಅವರನ್ನು ಮನಿಲಾಗೆ ಸಾಗಿಸಿದರು. 2016ರ ಮಾರ್ಚಿನಲ್ಲಿ ಬ್ರಸೆಲ್ಸ್ ವಿಮಾನ ನಿಲ್ದಾಣದ ಬಾಂಬಿನಲ್ಲಿ ನಾಲ್ವರು ಮಿಷನರಿಗಳು ಗಾಯಗೊಂಡರು. 2019ರಲ್ಲಿ ರಷ್ಯಾದಲ್ಲಿ ಇಬ್ಬರನ್ನು ಹಿಡಿದು, ಕೆಲವು ವಾರ ಇಟ್ಟುಕೊಂಡು ದೇಶದಿಂದ ಹೊರಹಾಕಿದರು.

ಕೋವಿಡ್ ಬಂದಾಗ ಸಾವಿರಾರು ಮಂದಿಯನ್ನು ಒಟ್ಟಿಗೆ ವಾಪಸ್ ಕರೆಸಿದರು. 2020ರ ಮಾರ್ಚಿನಲ್ಲಿ ಫಿಲಿಪೀನ್ಸ್‌ನಿಂದ ಬಂದವರನ್ನು ಕಾಣಲು ಸಾಲ್ಟ್ ಲೇಕ್ ಸಿಟಿ ಏರ್‌ಪೋರ್ಟಿನ ಪಾರ್ಕಿಂಗ್ ಕಟ್ಟಡದಲ್ಲಿ ನೂರಾರು ಜನ ಸೇರಿಬಿಟ್ಟರು. ಅಂತರ ಕಾಯ್ದುಕೊಳ್ಳಿ ಎಂದು ಊರೆಲ್ಲ ಸಾರುತ್ತಿದ್ದ ದಿನಗಳವು. ಅಧಿಕಾರಿಗಳಿಂದ ಬೈಸಿಕೊಂಡರು. ದಿನನಿತ್ಯದ ಅಪಾಯ ಮಾತ್ರ ತೀರಾ ಮಾಮೂಲಿನದು: ಸೈಕಲ್, ಬೀದಿನಾಯಿ, ಡೆಂಗ್ಯೂ, ಹೊಟ್ಟೆ ಕೆಡುವುದು.

## ಆಸೆ, ನಿರಾಸೆ

ಅಷ್ಟು ಮನೆ ಸುತ್ತಿದರೆ ಎಷ್ಟು ಜನ ಸೇರ್ತಾರೆ?

ದೇಶದ ಮೇಲೆ ಹೋಗುತ್ತದೆ. ಯುರೋಪಿಗೆ ಹೋದ ಹುಡುಗ ಎರಡು ವರ್ಷದಲ್ಲಿ ಒಬ್ಬರಿಗೋ ಇಬ್ಬರಿಗೋ ದೀಕ್ಷಾಸ್ನಾನ (ನೀರಿನಲ್ಲಿ ಮುಳುಗಿಸಿ ಪಂಥಕ್ಕೆ ಸೇರಿಸಿಕೊಳ್ಳುವ ವಿಧಿ) ಮಾಡಿಸಿ ಬರಬಹುದು, ಒಬ್ಬರಿಗೂ ಮಾಡಿಸದೆಯೂ ಬರಬಹುದು. ಫಿಲಿಪೀನ್ಸ್‌ನಲ್ಲಿ ಹಾಗಲ್ಲ. 1961ರಲ್ಲಿ ಅಲ್ಲಿ ಮಿಷನರಿ ಕೆಲಸ ಶುರುವಾಯಿತು, ಈಗ ಸದಸ್ಯರು 8 ಲಕ್ಷ ದಾಟಿದ್ದಾರೆ. ಕ್ಯಾಥೊಲಿಕರೇ ಹೆಚ್ಚಿರುವ ದೇಶ ಆದ್ದರಿಂದ ದೇವರ ಮಾತೆತ್ತಿದರೆ ಯಾರೂ ಅಟ್ಟುವುದಿಲ್ಲ. ಆದರೆ ಹೆಸರು ಪುಸ್ತಕದಲ್ಲಿದ್ದು ಭಾನುವಾರ ಮುಖ ತೋರಿಸದವರೂ ಅಷ್ಟೇ ಜಾಸ್ತಿ. ಅಂಥವರನ್ನು ಹುಡುಕಿ ಮತ್ತೆ ಕರೆತರುವುದರಲ್ಲೇ ಮಿಷನರಿಗಳ ಅರ್ಧ ಹೊತ್ತು ಹೋಗುತ್ತದೆ.

ಹಾಗಾದರೆ ಆ ಹುಡುಗರು ಏನು ಆಸೆ ಇಟ್ಟುಕೊಂಡು ಹೋಗ್ತಾರೆ?

ಹೊರಡುವಾಗಿನ ಆಸೆ ಬೇರೆ, ಒಂದು ವರ್ಷದ ಮೇಲಿನ ಆಸೆ ಬೇರೆ. ಹೊರಡುವಾಗ ಊರಿಗೆ ಊರನ್ನೇ ಬದಲಾಯಿಸುವ ಉಮೇದು. ಅಪ್ಪನಿಗೆ ಹೆಮ್ಮೆಯಾಗಬೇಕು, ದೇವರು ಮೆಚ್ಚಬೇಕು. ಒಂದು ವರ್ಷ ಕಳೆದ ಮೇಲೆ ಆಸೆ ಸಣ್ಣದಾಗುತ್ತದೆ: ಆ ರಿಕ್ಷಾ ಓಡಿಸುವವನು ಕುಡಿತ ಬಿಟ್ಟಿದ್ದಾನಲ್ಲ, ಈ ವಾರವೂ ಹಾಗೇ ಇರಲಿ. ಆ ಅಜ್ಜಿ ಭಾನುವಾರ ಬೆಳಿಗ್ಗೆ ಸಿದ್ಧವಾಗಿ ಗೇಟಿನ ಹತ್ತಿರ ನಿಂತಿರಲಿ. ಪಕ್ಕದ ಮನೆ ಹುಡುಗ ಮನೆಗೆ ಬರೆದ ಇಮೇಲ್‌ಗಳನ್ನು ಅವರಮ್ಮ ನನಗೆ ಓದಲು ಕೊಟ್ಟಿದ್ದರು. ಮೊದಲ ತಿಂಗಳುಗಳಲ್ಲಿ ಬರೀ ‘ನಾನು, ನಾನು’. ಕೊನೆ ಕೊನೆಗೆ ಇಡೀ ಪತ್ರ ಊರಿನವರ ಹೆಸರುಗಳೇ: ಯಾರಿಗೆ ಜ್ವರ, ಯಾರ ಮಗಳ ಪರೀಕ್ಷೆ, ಯಾರ ಹಂದಿ ಮರಿ ಹಾಕಿತು.

ಹತ್ತಿರದಿಂದ ನೋಡಿದವನಾಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಎರಡು ವರ್ಷದಲ್ಲಿ ಗಟ್ಟಿಯಾಗಿ ಪಂಥಕ್ಕೆ ಸೇರುವವರು ಆ ಹುಡುಗರೇ. ಪರದೇಶದಲ್ಲಿ ದಿನಾ ಬಾಯಿಬಿಟ್ಟು ‘ನಾನು ಇದನ್ನು ನಂಬುತ್ತೇನೆ’ ಎಂದು ಹೇಳಿ ಹೇಳಿ ಅದು ಮೈಗೂಡಿಬಿಡುತ್ತದೆ. ಪಂಥದ ಹಿರಿಯರಿಗೆ ಇದು ಗೊತ್ತಿಲ್ಲದೆ ಇಲ್ಲ.

ಇನ್ನು ಮುಂದಿನ ಬದುಕಿನ ಆಸೆಗಳು ಎಲ್ಲರಂತೆ: ಕಾಲೇಜು, ಕೆಲಸ, ತಮ್ಮ ಪಂಥದ ದೇವಾಲಯದಲ್ಲಿ ಮದುವೆ. ಕಲಿತ ಭಾಷೆಯೂ ಕೈ ಹಿಡಿಯುತ್ತದೆ. ತೈವಾನಿಗೆ ಹೋಗಿ ಚೀನೀ ಕಲಿತ ಜಾನ್ ಹಂಟ್ಸ್‌ಮನ್ ಮುಂದೆ ಚೀನಾಕ್ಕೆ ಅಮೆರಿಕದ ರಾಯಭಾರಿಯಾದರು. ಅಧ್ಯಕ್ಷ ಚುನಾವಣೆಗೆ ನಿಂತಿದ್ದ ಮಿಟ್ ರಾಮ್ನಿ 60ರ ದಶಕದಲ್ಲಿ ಫ್ರಾನ್ಸಿನಲ್ಲಿ ಮಿಷನರಿ.

ಮಧ್ಯದಲ್ಲೇ ವಾಪಸ್ ಬಂದರೆ ಏನಾಗುತ್ತೆ?

ನಿಯಮದ ಪ್ರಕಾರ ಏನೂ ಆಗುವುದಿಲ್ಲ. ಯಾವಾಗ ಬೇಕಾದರೂ ಬರಬಹುದು. ಕಾಯಿಲೆ, ಮನಸ್ಸಿನ ಖಿನ್ನತೆ, ನಂಬಿಕೆ ಸಡಿಲವಾಗುವುದು, ಕಾರಣ ಬೇರೆ ಬೇರೆ. ಕಷ್ಟವಿರುವುದು ಊರಿನಲ್ಲಿ. ಪೂರ್ತಿ ಮುಗಿಸಿ ಬಂದವನಿಗೆ ಏರ್‌ಪೋರ್ಟಿನಲ್ಲಿ ಬ್ಯಾನರು, ಬಲೂನು. ಅರ್ಧಕ್ಕೆ ಬಂದವನ ಹತ್ತಿರ ‘ಯಾಕೆ ಬಂದೆ’ ಅಂತ ನೇರ ಕೇಳುವವರು ಕಮ್ಮಿ, ಹಿಂದಿನಿಂದ ಪಿಸುಗುಡುವವರು ಜಾಸ್ತಿ. ಈಗೀಗ ಮನಸ್ಸಿನ ಆರೋಗ್ಯದ ಬಗ್ಗೆ ಚರ್ಚಿನಲ್ಲೇ ಮಾತಾಡುತ್ತಾರೆ, ಊರಿನಲ್ಲೇ ಇದ್ದು ಸೇವೆ ಮಾಡುವ ದಾರಿಯೂ ಇದೆ. ಆ ಪಿಸುಗುಡುವಿಕೆ ಮಾತ್ರ ಇನ್ನೂ ನಿಂತಿಲ್ಲ.

## ಸ್ವಲ್ಪ ಕಠಿಣ ಪ್ರಶ್ನೆಗಳು

ಬೆಂಗಳೂರಲ್ಲೂ ಇವರು ಇದ್ದಾರಂತೆ, ನಿಜಾನಾ?

ನಿಜ. ಬೆಂಗಳೂರು ಮಿಷನ್ ಶುರುವಾದದ್ದು 1993ರಲ್ಲಿ. ಭಾರತದಲ್ಲಿ ತಮ್ಮ ಪಂಥದ ಮೊದಲ ದೇವಾಲಯವನ್ನು ಬೆಂಗಳೂರಿನಲ್ಲಿ ಕಟ್ಟುತ್ತೇವೆ ಎಂದು 2018ರ ಏಪ್ರಿಲ್‌ನಲ್ಲಿ ಘೋಷಿಸಿದರು. 2020ರ ಡಿಸೆಂಬರಿನಲ್ಲಿ ಭೂಮಿಪೂಜೆಯಂಥ ಕಾರ್ಯಕ್ರಮವೂ ಆಯಿತು. ಬಿಲ್ಲೆ ಹಾಕಿದವರೆಲ್ಲ ಬಿಳಿಯರೇ ಇರುತ್ತಾರೆ ಅಂದುಕೊಳ್ಳಬೇಡಿ. ಭಾರತದ ಹುಡುಗ ಹುಡುಗಿಯರೂ ಮಿಷನರಿಗಳಾಗಿದ್ದಾರೆ.

ತುಂಬಾ ಮದುವೆ ಆಗೋರು ಇವರೇ ಅಲ್ವಾ? ಇಂಥ ಪ್ರಶ್ನೆ ಕೇಳಿದರೆ ಏನಂತಾರೆ?

ಆಗುತ್ತಿದ್ದರು. 1890ರಲ್ಲಿ ಬಹುಪತ್ನಿತ್ವ ನಿಲ್ಲಿಸುವ ಘೋಷಣೆ ಹೊರಟಿತು. ಈಗ ಹಾಗೆ ಮಾಡುವವರು ಒಡೆದು ಹೋದ ಗುಂಪುಗಳವರು. ಈ ಚರ್ಚಿನಲ್ಲಿ ಯಾರಾದರೂ ಮಾಡಿದರೆ ಹೊರಗೆ ಹಾಕುತ್ತಾರೆ. ಇನ್ನೊಂದು ಮುಜುಗರದ ವಿಷಯ, 1978ರವರೆಗೆ ಆಫ್ರಿಕಾ ಮೂಲದ ಗಂಡಸರಿಗೆ ಪೌರೋಹಿತ್ಯ ಕೊಡುತ್ತಿರಲಿಲ್ಲ. ಆ ನಿಷೇಧ ತೆಗೆದ ಮೇಲೆಯೇ ನೈಜೀರಿಯಾ, ಘಾನಾಗಳಿಗೆ ಮಿಷನರಿಗಳು ಹೋದದ್ದು.

ಹದಿನೆಂಟರ ಹುಡುಗನ ಹತ್ತಿರ ಇದಕ್ಕೆಲ್ಲ ಆಳವಾದ ಉತ್ತರ ಇರುವುದಿಲ್ಲ. ಕಲಿತದ್ದನ್ನು ಹೇಳುತ್ತಾನೆ, ಆಮೇಲೆ ‘ಪ್ರಾರ್ಥನೆ ಮಾಡಿ, ನಿಮಗೇ ತಿಳಿಯುತ್ತದೆ’ ಎನ್ನುತ್ತಾನೆ. ಕೆಲವರು ಮಿಷನ್‌ನಲ್ಲೇ ಮೊದಲ ಬಾರಿಗೆ ಇಂಥ ಪ್ರಶ್ನೆ ಕೇಳಿ ರಾತ್ರಿ ನಿದ್ದೆ ಬಿಟ್ಟಿದ್ದೂ ಉಂಟು.

ಬಡವರಿಗೆ ಆಸೆ ತೋರಿಸಿ ಮತಾಂತರ ಮಾಡೋದಲ್ವಾ ಇದು?

ದುಡ್ಡು ಹಂಚಿ ಸೇರಿಸಿಕೊಳ್ಳುತ್ತಾರೆ ಎಂಬುದು ಇವರ ವಿಷಯದಲ್ಲಿ ಹೊಂದುವುದಿಲ್ಲ. ಸೇರಿದವರೇ ಆದಾಯದ ಹತ್ತರಲ್ಲಿ ಒಂದು ಪಾಲು ಚರ್ಚಿಗೆ ಕೊಡಬೇಕು, ಕಾಫಿಯೂ ಬಿಡಬೇಕು. 18 ತುಂಬದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, ಮದುವೆಯಾದವರಿಗೆ ಗಂಡ ಅಥವಾ ಹೆಂಡತಿಯ ಒಪ್ಪಿಗೆ ಬೇಕು.

ಹಾಗಂತ ತಪ್ಪೇ ಇಲ್ಲ ಅಂತಲ್ಲ. ವಾರವಾರ ಲೆಕ್ಕ ಒಪ್ಪಿಸುವ ಪದ್ಧತಿ ಇದೆ. ಎಷ್ಟು ಜನಕ್ಕೆ ಪಾಠ, ಎಷ್ಟು ಜನ ಚರ್ಚಿಗೆ ಬಂದರು ಎಂದು. ಲೆಕ್ಕ ಇದ್ದ ಕಡೆ ಒತ್ತಡ ಇದ್ದೇ ಇರುತ್ತದೆ. 1960ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಮಿಷನರಿಗಳು ಹುಡುಗರನ್ನು ಬೇಸ್‌ಬಾಲ್ ಆಟಕ್ಕೆ ಸೇರಿಸಿಕೊಂಡು, ಹಾಗೇ ದೀಕ್ಷಾಸ್ನಾನವನ್ನೂ ಮಾಡಿಸಿಬಿಟ್ಟಿದ್ದರು. ಎಷ್ಟೋ ಹುಡುಗರಿಗೆ ತಾವು ಏನಕ್ಕೆ ಸೇರಿದೆವು ಅನ್ನುವುದೇ ಗೊತ್ತಿರಲಿಲ್ಲ. ಆಮೇಲೆ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಮಾರ್ಮನ್ನರೇ ಇದನ್ನು ತಲೆ ತಗ್ಗಿಸಿ ಹೇಳುತ್ತಾರೆ. ಮನೆಗೆ ಬಂದ ಹುಡುಗ ಅವಸರ ಮಾಡುತ್ತಿದ್ದಾನೆ, ದೀಕ್ಷಾಸ್ನಾನಕ್ಕೆ ತಾರೀಕು ಹೇಳಿ ಎಂದು ಒತ್ತಾಯಿಸುತ್ತಿದ್ದಾನೆ ಅನ್ನಿಸಿದರೆ ನಿಮ್ಮ ಅನುಮಾನ ಸುಳ್ಳಲ್ಲ.

ನನಗೆ ಆಸಕ್ತಿ ಇಲ್ಲ, ಆದರೆ ಮಕ್ಕಳ ವಯಸ್ಸಿನವರು, ಬೈಯೋಕೂ ಮನಸ್ಸಾಗಲ್ಲ. ಏನು ಮಾಡಲಿ?

ಮೊದಲ ಸಲವೇ ಸ್ಪಷ್ಟವಾಗಿ ಬೇಡ ಎನ್ನಿ. ‘ಆಮೇಲೆ ನೋಡೋಣ’, ‘ಮುಂದಿನ ವಾರ ಬನ್ನಿ’ ಅನ್ನಬೇಡಿ. ನಮ್ಮ ದಾಕ್ಷಿಣ್ಯದ ಮಾತು ಅವರ ಪುಸ್ತಕದಲ್ಲಿ ಅಪಾಯಿಂಟ್‌ಮೆಂಟ್ ಆಗಿಬಿಡುತ್ತದೆ, ಮುಂದಿನ ವಾರ ಬಿಸಿಲಲ್ಲಿ ನಡೆದುಕೊಂಡು ಬಂದೇ ಬರುತ್ತಾರೆ. ಬುಕ್ ಆಫ್ ಮಾರ್ಮನ್ ಕೊಟ್ಟರೆ, ಓದುವ ಮನಸ್ಸಿಲ್ಲದಿದ್ದರೆ ತೆಗೆದುಕೊಳ್ಳಬೇಡಿ. ಮತ್ತೆ ಬರಬೇಡಿ ಎಂದರೆ ಆ ಜೋಡಿ ಬರೆದಿಟ್ಟುಕೊಳ್ಳುತ್ತದೆ. ಆರು ವಾರ ಬಿಟ್ಟು ಹೊಸ ಜೋಡಿ ಬಂದರೆ ಅವರಿಗೂ ಅಷ್ಟೇ ಹೇಳಿ. ಬಿಸಿಲು ಜೋರಿದ್ದರೆ ಒಂದೊಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿ. ಅದಕ್ಕೆ ಅವರ ನಿಯಮದಲ್ಲಿ ಅಡ್ಡಿಯಿಲ್ಲ.